ಬುಡದಿಂದಲೋ ತುದಿಯಿಂದಲೋ

ಮಂಡ್ಯದ ಗುತ್ತಲು ರಸ್ತೆ, ಟೈರ್ ಅಂಗಡಿಯ ಮೇಲಿನ ಕೋಣೆ.
ಅಲ್ಲಿ ಕೂತು ಒಂದು ಭಾಷೆ ಕಟ್ಟಿದೆ. ದೊಡ್ಡದೇನಲ್ಲ,
ಐವತ್ತು ಪದವೂ ಇಲ್ಲ.
ತೂಗು. ಕಳೆ. ಬರೆ. ಚೀಟಿ ಕೊಡು.
ಕಬ್ಬಿನ ಗಾಡಿಗೆ ಅಷ್ಟು ಸಾಕು.

ಆದರೆ ತೂಕದ ಮನೆಗಳು ನಾಲ್ಕು, ನಾಲ್ಕಕ್ಕೂ ಬೇರೆ ಚಿಪ್ಪು.
ಕೆರಗೋಡಿನದು ಹೊಸದು, ಮೂವತ್ತೆರಡು ಕೈ,
ಹಿಡಿದದ್ದನ್ನು ಕೆಳಗಿಡುವುದೇ ಇಲ್ಲ.
ಕೊಪ್ಪದ್ದಕ್ಕೆ ಕೈ ಆರೇ. ಏಳನೆಯ ಅಂಕಿ ಬಂದರೆ
ಅವರೆಕಾಯಿ ಕೀಳುವವಳ ಹಾಗೆ
ಒಂದನ್ನು ಮಡಿಲಿಗೆ ಹಾಕಿಕೊಂಡು ಇನ್ನೊಂದಕ್ಕೆ ಕೈ ಚಾಚುತ್ತದೆ,
ಆಮೇಲೆ ಮಡಿಲೆಲ್ಲ ತಡಕಾಡುತ್ತದೆ.
ಬಸರಾಳಿನದಕ್ಕೆ ಭಾಗಾಕಾರ ಬಾರದು.
ಕಳೆದು, ಕಳೆದು, ಕಳೆದು, ಬೆರಳು ಮಡಿಸುತ್ತಾ ಉತ್ತರಕ್ಕೆ ಬರುತ್ತದೆ.
ದುದ್ದದ್ದು ನನಗಿಂತ ಹಿರಿದು.
ಮಾಡಿದ ಕಂಪನಿಯೇ ಈಗಿಲ್ಲ.

ಇವಿಷ್ಟಕ್ಕೂ ನನ್ನ ಒಂದೇ ಮಾತು ತಲುಪಬೇಕು.
ಅದಕ್ಕೇ ಕಂಪೈಲರು:
ಮೊದಲರ್ಧ ಎಲ್ಲರಿಗೂ ಒಂದೇ ಒಲೆ,
ಕೊನೆಯರ್ಧ ಒಬ್ಬೊಬ್ಬರಿಗೊಂದು ತಟ್ಟೆ.

ಕಬ್ಬು ಅರೆಯಲು ಶುರುವಾದ ಮೊದಲ ಬೆಳಗ್ಗೆ, ದುದ್ದ.
ಬೋರಲಿಂಗುವಿನ ಗಾಡಿಯಲ್ಲಿದ್ದದ್ದು ಮೂರು ಸಾವಿರದ ಆರುನೂರು ಕೆಜಿ,
ಚೀಟಿಯಲ್ಲಿ ಬಂದದ್ದು ನಾಲ್ಕು ಸಾವಿರದ ನೂರ ಹತ್ತು.
ಅವನು ಚೀಟಿ ಮಡಿಸಿ ಜೇಬಿಗಿಟ್ಟು ಬೀಡಿ ಹಚ್ಚಿದ.
ಹಿಂದೆಯೇ ಕೆಂಪಾಜಮ್ಮನ ಟ್ರಾಕ್ಟರು.
ಅವಳದ್ದು ನಾಲ್ಕು ಸಾವಿರದ ನೂರ ಹತ್ತು,
ಚೀಟಿಯಲ್ಲಿ ಮೂರು ಸಾವಿರದ ಆರುನೂರು.
ದಾರಿಯಲ್ಲೇ ಬೇರೆ ಕಡೆ ತೂಗಿಸಿಕೊಂಡು ಬಂದಿದ್ದಳು, ಗಟ್ಟಿಗಿತ್ತಿ.
“ನಿನ್ ಕಂಪ್ಯೂಟ್ರು ಮನೆ ಹಾಳಾಗ!
ಐನೂರ ಹತ್ ಕೆಜಿ ಯಾರ್ ಹೊಟ್ಟೆಗ್ ಹೋಯ್ತವ್ವ?”

ಕಾರ್ಖಾನೆಯ ಗುಮಾಸ್ತ ಮೊತ್ತ ನೋಡಿದ. ಸರಿಯಾಗಿಯೇ ಇತ್ತು.

ಸಂಜೆ ದುದ್ದಕ್ಕೆ ಹೋದೆ. ನಾನು, ಬ್ಯಾಗು, ಟೀವಿಎಸ್ಸು
ಎಲ್ಲ ಸೇರಿ ನೂರ ಅರವತ್ತು.
ಹಾಸಿನ ಮೇಲೆ ನಿಂತೆ.
ನಲವತ್ತು ಸಾವಿರದ ಒಂಬೈನೂರ ಅರವತ್ತು.
“ಸ್ವಲ್ಪ ದಪ್ಪ ಆಗಿದ್ದೀರ ಮೇಡಂ,” ಅಂದಳು ತೂಕದ ಜಬೀನಾ,
ಒಂದು ಜಲ್ಲೆ ಮುರಿದು ಅರ್ಧ ಕೊಟ್ಟಳು.
ನಾನು ಬುಡದ ಕಡೆಯಿಂದ ಕಚ್ಚಿದೆ.
ಅವಳು ತುದಿಯಿಂದ. ಸಪ್ಪೆ ಮೊದಲು ಮುಗಿಯಲಿ,
ಸಿಹಿ ಕೊನೆಗಿರಲಿ ಅಂತ.

ಜಗಿಯುವುದು ನಿಂತುಹೋಯಿತು.

ನನ್ನ ಅಂಕಿಗೆ ಎರಡು ಗೆಣ್ಣು.
ಮೂರು ಚಿಪ್ಪುಗಳು ತುದಿಯಿಂದ ತಿನ್ನುವಂಥವು,
ದುದ್ದದ್ದು ಬುಡದಿಂದ.
ಎತ್ತು ಏರಿಗೆ, ಕೋಣ ನೀರಿಗೆ. ನೊಗ ಕಟ್ಟಿದವಳು ನಾನು.
ಪರೀಕ್ಷೆ ಮಾಡಿರಲಿಲ್ಲವೆಂದಲ್ಲ, ಮಾಡಿದ್ದೆ.
ಖಾಲಿ ಹಾಸಿನ ಮೇಲೆ.
ಸೊನ್ನೆಯನ್ನು ಯಾವ ತುದಿಯಿಂದ ತಿಂದರೂ ಸೊನ್ನೆ.

ತಿದ್ದಿದ್ದು ಒಂದೇ ಸಾಲು, ಒಂದು ರಾತ್ರಿ, ಮೂರು ಲೋಟ ಕಾಫಿ.
ಗುಮಾಸ್ತ ಹೇಳಿದ: ಆ ಮುದಿಯದನ್ನು ಪಟ್ಟಿಯಿಂದ ತೆಗೆದುಬಿಡಿ,
ಒಂದಕ್ಕೋಸ್ಕರ ಇಷ್ಟು ಗೋಳೇಕೆ?
ಪಟ್ಟಿ ತೆರೆದೆ. ಕೆರಗೋಡು, ಕೊಪ್ಪ, ಬಸರಾಳು,
ನಾನು ಹೇಳಿದ್ದಕ್ಕೆಲ್ಲ ಹೂಂಗುಟ್ಟಿದ ಮೂರು ಹೆಸರು,
ಆಮೇಲೆ ಅದು.
ಕರ್ಸರು ಮಿನುಗುತ್ತಾ ಕಾಯಿತು.
ಹಾಗೇ ಮುಚ್ಚಿದೆ.

ಕೆಂಪಾಜಮ್ಮನಿಗೆ ಹೊಸ ಚೀಟಿ ಸಿಕ್ಕಿತು. ಬೈಗುಳ ವಾಪಸ್ಸು ಬರಲಿಲ್ಲ.
ಬೋರಲಿಂಗುವೂ ಬಂದ, ಟವೆಲು ಕೊಡವುತ್ತಾ.
ಹಳೇ ಚೀಟಿ ಎಲ್ಲಣ್ಣ ಎಂದೆ.
“ಕಳ್ದೋಯ್ತು ಕಣವ್ವ,” ಅಂದ.

ನನ್ನ ಭಾಷೆಯಲ್ಲೂ ಆ ಪದ ಇದೆ.
ಅಲ್ಲಿ ಅದಕ್ಕೆ ಒಂದೇ ಅರ್ಥ.